ಫರಿಶ್ತೆಗಳು ಯಾವ ಭಾಷೆಯಲ್ಲಿ ಕೇಳುತ್ತಾರೆ

ನಾನು ಓದಿದ್ದು ದೇವದೂತರನ್ನು. ಇದನ್ನು ಹೇಳಿದ ಕೂಡಲೇ ಎದುರಿಗಿದ್ದವರ ಮುಖ ಬದಲಾಗುತ್ತದೆ. ಕೆಲವರು ಪಾಪ ಎನ್ನುವಂತೆ ನೋಡುತ್ತಾರೆ. ಇನ್ನು ಕೆಲವರು ಒಂದು ಹೆಜ್ಜೆ ಹಿಂದೆ ಸರಿದು, ಇವಳ ಮೈಮೇಲೆ ಏನಾದರೂ ಬರುತ್ತದೆಯೋ ಎಂದು ಕಾಯುತ್ತಾರೆ. ಅದಾದ ಮೇಲೆ ಇಬ್ಬರೂ ಕೇಳುವ ಪ್ರಶ್ನೆ ಒಂದೇ: ಇದನ್ನು ಓದಿದರೆ ಏನು ಕೆಲಸ ಸಿಗುತ್ತದೆ? ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ, ಸಿದ್ದಾಪುರದ ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಯಲ್ಲಾಪುರದ ಬ್ಯಾಂಕಿನ ಸಾಲಿನಲ್ಲಿ ನನ್ನ ಹಿಂದೆ ನಿಂತ ಅಪರಿಚಿತರು ಬಗ್ಗಿ ಕೇಳಿದ್ದಾರೆ. ಇಂಗ್ಲಿಷ್‌ನಲ್ಲಿ ಎಂ.ಎ. ಮಾಡಿ ಮೊಬೈಲ್ ಕವರ್ ಮಾರುತ್ತ ಕೂತವನನ್ನು ಯಾರೂ ಹೀಗೆ ಕೇಳುವುದಿಲ್ಲ. ನನ್ನನ್ನು ಮಾತ್ರ ಕೇಳುತ್ತಾರೆ. ಸಿಟ್ಟು ನೆತ್ತಿಗೇರುತ್ತದೆ.

ವಿಷಯದ ಹೆಸರು ತೌಲನಿಕ ಧರ್ಮ ಅಧ್ಯಯನ. ದೇವರಿಗೂ ಮನುಷ್ಯರಿಗೂ ನಡುವೆ ಓಡಾಡುವವರ ಬಗ್ಗೆ ನನ್ನ ಪ್ರಬಂಧ. ನಮ್ಮ ಕಡೆಯ ವೀರಗಲ್ಲುಗಳಲ್ಲಿ ಸತ್ತವನನ್ನು ಎರಡೂ ಕಡೆಯಿಂದ ತೋಳು ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು, ಕ್ರೈಸ್ತರ ಇಗರ್ಜಿಯ ಗೋಡೆಯ ಮೇಲೆ ತುತ್ತೂರಿ ಊದುವ ರೆಕ್ಕೆಯವರು, ಮುಸಲ್ಮಾನರ ಮನೆಗಳಲ್ಲಿ ಹೆಗಲ ಮೇಲೆ ಕೂತು ಪಾಪಪುಣ್ಯ ಬರೆದುಕೊಳ್ಳುವ ಫರಿಶ್ತೆಗಳು. ಮೂರು ತಾಲೂಕು ಸುತ್ತಿ, ಸೊಂಟ ನೋಯಿಸಿಕೊಂಡು ಬರೆದೆ. ಆಯಿಗೆ, ಎಂದರೆ ನನ್ನ ಅಮ್ಮನಿಗೆ, ಇಷ್ಟೆಲ್ಲ ವಿವರಿಸಿದ ಮೇಲೂ ಅವಳು ನೆಂಟರಿಗೆ ಹೇಳುತ್ತಿದ್ದುದು, “ನಮ್ಮನೆ ಕೂಸು ಗಂಧರ್ವರ ಬಗ್ಗೆ ಓದ್ತಾ ಇದ್ದು,” ಎಂದು. ಈ ಒಂದು ಮಾತು ನನಗೆ ಎಷ್ಟು ತೊಂದರೆ ತಂದಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಧಾರವಾಡದಲ್ಲಿದ್ದ ನನ್ನ ಮಾರ್ಗದರ್ಶಕರಿಗೆ ಮಾತ್ರ ಜಗತ್ತೆಲ್ಲ ನನ್ನ ದಾರಿ ಕಾಯುತ್ತಿದೆ ಎಂಬ ನಂಬಿಕೆ. ಪಾಠ ಮಾಡಬಹುದು, ಮ್ಯೂಸಿಯಂ ಸೇರಬಹುದು, ಹಳೆಯ ಗ್ರಂಥಗಳ ಅನುವಾದ ಮಾಡಬಹುದು, ಸೀರಿಯಲ್‌ನವರಿಗೆ ಸಲಹೆ ಕೊಡಬಹುದು ಎಂದು ಅವರು ಚಹಾ ಕುಡಿಯುತ್ತ ಬೆರಳು ಮಡಚುತ್ತಿದ್ದರು. ನಾನು ನಂಬಿದೆ. ಮ್ಯೂಸಿಯಂನಲ್ಲಿ ಖಾಲಿ ಇದ್ದದ್ದು ಕಾವಲುಗಾರನ ಹುದ್ದೆ. ಅನುವಾದ ಮಾಡಿಸಿಕೊಂಡವರು ಪುಸ್ತಕ ಅಚ್ಚಾಗಿ ಬಂದ ಮೇಲೆ ನನ್ನ ಫೋನ್ ಎತ್ತುವುದನ್ನೇ ಬಿಟ್ಟರು. ಸೀರಿಯಲ್‌ನವರು ಒಂದು ಸಲ ಕರೆದದ್ದು ನಿಜ. ಅವರ ದೇವದೂತ ಸೋಫಾದ ಮೇಲೆ ಕೂರುವ ದೃಶ್ಯವಿತ್ತಂತೆ, ಕೂತಾಗ ರೆಕ್ಕೆ ಮಡಚಿಕೊಳ್ಳುತ್ತವೆಯೇ ಎಂದು ಕೇಳಿದರು. ನಾನು ಎರಡನೇ ಶತಮಾನದಿಂದ ಶುರು ಮಾಡಿದೆ. ಅವರು ಫೋನ್ ಇಟ್ಟರು.

ಯಲ್ಲಾಪುರದ ಹತ್ತಿರ ಹೋಮ್‌ಸ್ಟೇ ನಡೆಸುವವರೊಬ್ಬರು ಇನ್ನೂ ಮೇಲು. ವಾರಕ್ಕೊಮ್ಮೆ ಬಿಳಿ ಸೀರೆ ಉಟ್ಟು ಬಂದು ಅತಿಥಿಗಳಿಗೆ ಏಂಜೆಲ್ ಕಾರ್ಡ್ ತೆಗೆದು ಭವಿಷ್ಯ ಹೇಳಬೇಕು, ಊಟ ಅವರದೇ. ಕಾಲೇಜಿನ ಹುಡುಗಿಯರಿಗೆ ಗಡಿಯಾರದಲ್ಲಿ ಹನ್ನೊಂದು ಗಂಟೆ ಹನ್ನೊಂದು ನಿಮಿಷ ಕಂಡರೆ ಏಂಜೆಲ್ ಏನು ಹೇಳುತ್ತಿದೆ ಎಂದು ತಿಳಿಯಬೇಕು. ಕ್ಲಾಸಿಗೆ ತಡವಾಯಿತು ಎಂದು ಹೇಳುತ್ತಿದೆ ಎಂದೆ. ಶಾಲಾ ವಾರ್ಷಿಕೋತ್ಸವದ ಹೊತ್ತಿಗೆ ತಾಯಂದಿರು ಥರ್ಮೋಕೋಲ್ ಹಿಡಿದುಕೊಂಡು ಬಂದು ರೆಕ್ಕೆಯ ಅಳತೆ ಕೇಳುತ್ತಾರೆ. ಕೊನೆಗೆ ನನಗೆ ಸಿಕ್ಕಿದ್ದು ಶಿರಸಿಯ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿಯ ಕೆಲಸ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ ಹೊಸದಾಗಿ ಅತಿಥಿಯಾಗಬೇಕು. ಕದಂಬರ ಪಾಠ ಮಾಡುತ್ತೇನೆ. ದೇವದೂತರಿಗೆ ವೇಳಾಪಟ್ಟಿಯಲ್ಲಿ ಪೀರಿಯಡ್ ಇಲ್ಲ.

ಇನ್ನು ಆಯಿಯ ಆ ಮಾತಿನ ಕತೆ. ನಮ್ಮ ಕಡೆ ಮನೆಯಲ್ಲಿ ಏನಾದರೂ ಎಡವಟ್ಟಾದರೆ ತಿಳಿದವರ ಹತ್ತಿರ ಹೋಗಿ ಪ್ರಶ್ನೆ ಕೇಳುವ ಪದ್ಧತಿ ಇದೆ. ಹೋಗುವಾಗ ಒಂದು ತೆಂಗಿನಕಾಯಿ, ಎಲೆ, ಅಡಿಕೆ ಒಯ್ಯಬೇಕು. ಆ ಮನೆಯವರು ಕಾಯಿ ತೆಗೆದುಕೊಂಡು ದೇವರ ಮುಂದಿಟ್ಟರೆ ಮುಗಿಯಿತು, ಉತ್ತರ ಹೇಳಲೇಬೇಕು. ಒಂದು ಸಂಜೆ ಕಾಲೇಜಿನಿಂದ ಬರುವಾಗ ಹೆಗಡೆಕಟ್ಟಾ ಕಡೆಯ ಹೆಂಗಸೊಬ್ಬರು ನಮ್ಮ ಜಗಲಿಯಲ್ಲಿ ಕೂತಿದ್ದರು. ಅವರ ಮಗಳಿಗೆ ಬಂದ ಸಂಬಂಧಗಳೆಲ್ಲ ತಪ್ಪಿ ಹೋಗುತ್ತಿವೆಯಂತೆ, ಯಾವುದೋ ಗಂಧರ್ವನ ಕಣ್ಣು ಬಿದ್ದಿದೆಯೇ ನೋಡಬೇಕಂತೆ. ನಾನು ಕೈಮುಗಿದು, ಅಮ್ಮಾ, ನಾನು ಓದುವವಳು, ನೋಡುವವಳಲ್ಲ ಎಂದೆ. ಒಳಗೆ ಹೋಗಿ ಆಯಿಯ ಮೇಲೆ ಹರಿಹಾಯ್ದರೆ ಅವಳು ತಣ್ಣಗೆ ಹೇಳಿದಳು:

“ಕೂಸೇ, ಕಾಯಿ ತಗಂಡಾಗೋಜು. ಇನ್ನು ಬರಿಗೈಲಿ ಕಳ್ಸಲೆ ಬತ್ತಿಲ್ಲೆ.”

ಕಾಯಿ ಆಗಲೇ ದೇವರ ಮುಂದೆ ಕೂತಿತ್ತು. ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ. ಹುಡುಗಿಯ ಡಿಗ್ರಿ ಮುಗಿಯಲಿ, ಅಲ್ಲಿಯವರೆಗೆ ಯಾರಿಗೂ ತೋರಿಸಬೇಡಿ ಎಂದೆ. ಅವರಿಗೆ ಎಷ್ಟು ಸಮಾಧಾನವಾಯಿತೆಂದರೆ ಊರಿಗೆಲ್ಲ ಹೇಳಿದರು. ಆಮೇಲೆ ಹಾಲು ಕೊಡದ ಎಮ್ಮೆಯವರು ಬಂದರು, ಸರ ಕಳೆದುಕೊಂಡವರು ಬಂದರು, ಮಗ ಪಿಯುಸಿ ಪಾಸಾಗುತ್ತಾನೋ ಎಂದು ಕೇಳುವವರು ಬಂದರು. ಹುಡುಗ ನನ್ನ ವಿದ್ಯಾರ್ಥಿಯೇ. ಆಗುವುದಿಲ್ಲ ಎಂದು ನಾನು ಗಂಧರ್ವರ ಸಹಾಯವಿಲ್ಲದೆಯೇ ಹೇಳಿದೆ. ಆಯಿ ಯಾರ ಕಾಯಿಯನ್ನೂ ಬೇಡ ಎನ್ನಲಿಲ್ಲ. ಕಾಯಿ ಕೊಳ್ಳುವ ಖರ್ಚೇ ನಿಂತುಹೋಗಿತ್ತು. ಪ್ರತಿದಿನ ತಂಬುಳಿಗೂ ಚಟ್ನಿಗೂ ಕೈಬಿಚ್ಚಿ ತುರಿಯುತ್ತಿದ್ದಳು. ಇಷ್ಟು ವರ್ಷ ಓದಿದ್ದಕ್ಕೆ ಸಿಕ್ಕ ಸಂಪಾದನೆ ಇದು.

ಚಾಚಾ ಬಂದದ್ದು ಈ ಗಲಾಟೆಯ ನಡುವೆಯೇ. ಅವರು ಯಲ್ಲಾಪುರದವರು, ಲಾರಿ ಓಡಿಸುತ್ತಿದ್ದವರು. ನನ್ನ ಅಪ್ಪಯ್ಯ ಶಿರಸಿಯ ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದಾಗ ಅಲ್ಲಿ ಮೂಟೆ ತುಂಬಿಸಿಕೊಳ್ಳಲು ಬಂದು ಸ್ನೇಹವಾದವರು. ಅಪ್ಪಯ್ಯ ಹೋದ ಮೇಲೂ ಸ್ನೇಹ ನಿಲ್ಲಲಿಲ್ಲ. ಪ್ರಬಂಧಕ್ಕಾಗಿ ನಾನು ಕಾಡುಮೇಡು ಅಲೆಯಬೇಕು ಎಂದಾಗ ಒಬ್ಬಳನ್ನೇ ಕಳಿಸಲು ಆಯಿ ಒಪ್ಪಲಿಲ್ಲ. ಅಷ್ಟರಲ್ಲಿ ಚಾಚಾ ಲಾರಿ ಮಾರಿ ಹಳೆಯ ಜೀಪೊಂದನ್ನು ಇಟ್ಟುಕೊಂಡಿದ್ದರು. ನಾನು ಕರೆದುಕೊಂಡು ಹೋಗುತ್ತೇನೆ ಎಂದರು. ಗುಡ್ನಾಪುರದ ಕೆರೆ ಏರಿಯ ಮೇಲೆ, ಸಿದ್ದಾಪುರದ ಗದ್ದೆ ಬದಿಯ ವೀರಗಲ್ಲುಗಳ ಹತ್ತಿರ, ಎಲ್ಲ ಕಡೆ ನನ್ನನ್ನು ಇಳಿಸಿ, ಬೀಡಿ ಹಚ್ಚಿ, ಕಲ್ಲಿಗೆ ರೆಕ್ಕೆ ಇದೆಯೋ ಇಲ್ಲವೋ ನೋಡಲು ಇಷ್ಟು ಡೀಸೆಲ್ ಸುಡಬೇಕೇ ಎಂದು ಗೊಣಗುತ್ತ ಕಾಯುತ್ತಿದ್ದರು. ಯಲ್ಲಾಪುರದ ಇಗರ್ಜಿಯೊಳಗೆ ಮಾತ್ರ ಚಪ್ಪಲಿ ಬಿಟ್ಟು ನನ್ನ ಹಿಂದೆಯೇ ಬಂದು, ತುತ್ತೂರಿ ಹಿಡಿದವನು ಯಾರು ಎಂದು ಪಿಸುಗುಟ್ಟಿದರು. ದಾರಿಯುದ್ದಕ್ಕೂ ನಾನು ಪಾಠ ಹೇಳುತ್ತಿದ್ದೆ, ಅವರು ಕೇಳುತ್ತಿರಲಿಲ್ಲ ಎಂದುಕೊಂಡಿದ್ದೆ. ಎಡ ಹೆಗಲ ಮೇಲಿನ ಫರಿಶ್ತೆ ಕೆಟ್ಟದ್ದನ್ನು ಬರೆದುಕೊಳ್ಳುತ್ತಾನೆ ಎಂದು ಪುಸ್ತಕ ಓದಿ ಹೇಳಿದ ದಿನ ಅವರು ಎಡಕ್ಕೆ ತಿರುಗಿ ಹೆಗಲು ನೋಡಿಕೊಂಡರು. ಜೀಪು ಚರಂಡಿಯ ಅಂಚಿಗೆ ಹೋಗಿ ನಿಂತಿತು.

ಆ ಚಾಚಾ ಒಂದು ಭಾನುವಾರ ಮಗನ ಬೈಕಿನ ಹಿಂದೆ ಕೂತು ನಮ್ಮ ಮನೆಗೆ ಬಂದರು. ತುಂಬ ಇಳಿದು ಹೋಗಿದ್ದರು, ಅಂಗಿ ಬೇರೆ ಯಾರದೋ ಅನ್ನಿಸುವಷ್ಟು. ಹೊಟ್ಟೆಯಲ್ಲಿ ಗಡ್ಡೆಯಾಗಿದೆ, ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಬೇಕು, ಈ ವಯಸ್ಸಿನಲ್ಲಿ ಹೆಚ್ಚು ಭರವಸೆ ಕೊಡಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮಗನನ್ನು ಪೇಟೆಗೆ ಕಳಿಸಿ, ಕೈಚೀಲದಿಂದ ಒಂದು ತೆಂಗಿನಕಾಯಿ, ಎಲೆ, ಅಡಿಕೆ ತೆಗೆದು ಜಗಲಿಯ ಮೇಲಿಟ್ಟರು. ನಾನು ಕಣ್ಣು ಕಣ್ಣು ಬಿಟ್ಟೆ. ಚಾಚಾ, ನೀವೂ ಶುರು ಮಾಡಿದಿರಾ ಎಂದೆ. ಸುಮ್ಮನೆ ಕೇಳಿದರೆ ನೀನು ಉತ್ತರ ಹೇಳುವುದಿಲ್ಲ, ಕಾಯಿ ತಂದವರಿಗೆ ಹೇಳುತ್ತೀಯಂತೆ, ಊರೆಲ್ಲ ಸುದ್ದಿ ಎಂದರು. ನಾನು ಅದನ್ನು ವಾಪಸು ಚೀಲಕ್ಕೆ ಹಾಕುವ ಮೊದಲೇ ಆಯಿ ಬಂದು ಎತ್ತಿಕೊಂಡು ಹೋಗಿ ದೇವರ ಮುಂದಿಟ್ಟುಬಿಟ್ಟಳು.

ಚಾಚಾ ತಲೆ ತಗ್ಗಿಸಿ ಕೇಳಿದರು:

“ಬೇಟಾ, ಮಣ್ಣು ಮಾಡಿದ ಮೇಲೆ ಇಬ್ಬರು ಬಂದು ಪ್ರಶ್ನೆ ಕೇಳ್ತಾರಲ್ಲ, ಅವರು ಯಾವ ಭಾಷೆಲಿ ಕೇಳ್ತಾರೆ?”

ಗೋರಿಯಲ್ಲಿ ಎರಡು ಫರಿಶ್ತೆಗಳು ಬಂದು ಸತ್ತವನನ್ನು ಎಬ್ಬಿಸಿ, ನಿನ್ನ ಒಡೆಯ ಯಾರು, ನಿನ್ನ ಧರ್ಮ ಯಾವುದು, ನಿನ್ನ ಪ್ರವಾದಿ ಯಾರು ಎಂದು ಕೇಳುತ್ತಾರೆ ಎಂಬುದು ಅವರ ನಂಬಿಕೆ. ಅದನ್ನೇ ಅವರು ಕೇಳುತ್ತಿದ್ದುದು. ಸ್ವಲ್ಪ ಸ್ವಲ್ಪವಾಗಿ ಬಾಯಿಬಿಟ್ಟರು. ಚಿಕ್ಕಂದಿನಲ್ಲೇ ಲಾರಿ ಹತ್ತಿದವರು, ಮದರಸಾದಲ್ಲಿ ಕೂತದ್ದೇ ಇಲ್ಲ. ಅರಬ್ಬಿಯ ಒಂದು ಅಕ್ಷರ ಬಾರದು. ಉರ್ದು ಎಂದರೆ ಬಾ, ಹೋಗು, ಊಟ ಮಾಡು ಎನ್ನುವಷ್ಟು. ಜಗಳ, ಲೆಕ್ಕ, ಕಷ್ಟಸುಖ ಎಲ್ಲ ಕನ್ನಡದಲ್ಲೇ. ನಮಾಜಿನ ಮಾತುಗಳನ್ನು ಪಕ್ಕದವರ ತುಟಿ ನೋಡಿ, ಏಳುವುದು ಬಗ್ಗುವುದನ್ನು ಮುಂದಿನವರ ಬೆನ್ನು ನೋಡಿ ಹೇಗೋ ಹೊಂದಿಸಿಕೊಂಡು ಬಂದಿದ್ದರು. ಈಗ ವಯಸ್ಸಾಗಿದೆ, ಹಿರಿಯರು ಎಂದು ಮಸೀದಿಯಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಾರೆ. ಎದುರಿಗೆ ನೋಡಿಕೊಳ್ಳಲು ಯಾರೂ ಇಲ್ಲ. ಅಲ್ಲಿನ ಗುರುಗಳು ಮೊಮ್ಮಗನ ವಯಸ್ಸಿನವರು, ಇವರನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಅವರ ಹತ್ತಿರ ಹೋಗಿ ನನಗೇನೂ ಬರುವುದಿಲ್ಲ ಎಂದು ಯಾವ ಮುಖದಲ್ಲಿ ಹೇಳುವುದು?

“ಇಲ್ಲಿ ತುಟಿ ಅಲ್ಲಾಡಿಸಿ ಮುಗಿಸಿದೆ. ಅಲ್ಲಿ ನಡೆಯೋದಿಲ್ಲ. ಅರಬ್ಬಿಲಿ ಕೇಳಿದ್ರೆ ಬಾಯಿ ಕಟ್ಟಿ ನಿಲ್ತೇನೆ,” ಎಂದರು.

ಅವರ ಹೆದರಿಕೆ ಗಡ್ಡೆಯದಲ್ಲ ಎಂದು ನನಗೆ ಆಗ ಗೊತ್ತಾಯಿತು. ನಾನು ಏನು ಮಾಡಿದೆ? ಉಪನ್ಯಾಸಕಿಯಾದೆ. ಕೆಲವು ಪಂಡಿತರು ಅರಬ್ಬಿ ಎನ್ನುತ್ತಾರೆ, ಇನ್ನು ಕೆಲವರು ಅದಕ್ಕಿಂತ ಹಳೆಯ ಸಿರಿಯಾಕ್ ಭಾಷೆ ಎನ್ನುತ್ತಾರೆ, ಅವರವರ ಭಾಷೆಯಲ್ಲೇ ಕೇಳುತ್ತಾರೆ ಎಂದು ಹೇಳುವವರೂ ಇದ್ದಾರೆ, ಹಾಗೆಲ್ಲ ತಿಳಿಯಲು ಸಾಧ್ಯವಿಲ್ಲ ಎನ್ನುವವರೂ ಇದ್ದಾರೆ ಎಂದೆ. ನನ್ನ ಪ್ರಬಂಧದಲ್ಲಿ ಇದಕ್ಕೆ ಅರ್ಧ ಪುಟ ಕೊಟ್ಟಿದ್ದೆ. ಸಿರಿಯಾಕ್ ಎಂದ ಕೂಡಲೇ ಚಾಚಾರ ಮುಖ ಇನ್ನಷ್ಟು ಕಪ್ಪಿಟ್ಟಿತು. ಅರಬ್ಬಿಯ ಚಿಂತೆಯೊಂದೇ ಇದ್ದವರಿಗೆ ನಾನು ಎರಡನೆಯದನ್ನೂ ಗಂಟು ಹಾಕಿದ್ದೆ.

“ಇಷ್ಟೂರು ತಿರುಗಿಸಿದೆ ನಿನ್ನ. ದಾರಿ ಕೇಳಿದ್ರೆ ಕೆಲವರು ಎಡಕ್ಕೆ ಅಂತಾರೆ, ಕೆಲವರು ಬಲಕ್ಕೆ ಅಂತಾರೆ ಅಂತ ಹೇಳ್ತೀಯಲ್ಲ. ಹೋಗೋನು ಎಲ್ಲಿಗೆ ಹೋಗ್ಬೇಕು?”

ನನಗೂ ರೇಗಿತು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳುವುದು ನನ್ನ ಓದಲ್ಲ ಎಂದೆ. ಹಾಗಾದರೆ ನಿನ್ನ ಓದು ಯಾವುದು ಎಂದು ಅವರೂ ಕೇಳಿದರು. ಆಯಿ ಒಳಗಿನಿಂದ ಚಹಾ ತಂದಿಟ್ಟು, ಕಾಯಿ ತೆಗೆದುಕೊಂಡಾಗಿದೆ ಎನ್ನುವುದನ್ನು ಬರೀ ಕಣ್ಣಲ್ಲಿ ನೆನಪಿಸಿ ಹೋದಳು.

ಮರುದಿನ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಯಾವುದಾದರೂ ಒಂದು ಕಡೆ ಖಚಿತವಾದ ಮಾತು ಇದೆಯೇ ಎಂದು ಕೇಳಿದೆ. ಅವರಿಗೆ ಎಷ್ಟು ಖುಷಿಯಾಯಿತು! ಒಳ್ಳೆಯ ವಿಷಯ, ಕರ್ನಾಟಕದ ಲಾರಿ ಚಾಲಕನೊಬ್ಬನಲ್ಲಿ ಮರಣೋತ್ತರ ಭಾಷೆಯ ಆತಂಕ, ಇದನ್ನು ಲೇಖನ ಮಾಡು, ಮೊದಲು ಸಾರಾಂಶ ಕಳಿಸು ಎಂದರು. ಸರ್, ಅವರಿಗೆ ಆಪರೇಷನ್ ಇದೆ ಎಂದೆ. ಹಾಗಾದರೆ ಸಂದರ್ಶನ ಬೇಗ ಮುಗಿಸು ಎಂದರು. ಫೋನನ್ನು ಮೇಜಿನ ಮೇಲೆ ಕುಕ್ಕಿದೆ. ಅದರ ಗಾಜು ಬಿರುಕು ಬಿಟ್ಟದ್ದು ಇವತ್ತಿಗೂ ಹಾಗೇ ಇದೆ.

ಒಂದು ಉಪಾಯ ಹೊಳೆಯಿತು. ಭಾನುವಾರ ಬಸ್ಸು ಹತ್ತಿ ಯಲ್ಲಾಪುರಕ್ಕೆ ಹೋದೆ. ಆ ಮೂರು ಉತ್ತರಗಳನ್ನು ಅರಬ್ಬಿಯಲ್ಲೇ ಬಾಯಿಪಾಠ ಮಾಡಿಬಿಡಿ, ನಾನು ಹೇಳಿಕೊಡುತ್ತೇನೆ ಎಂದೆ. ಮೂರೇ ವಾಕ್ಯ, ಪಿಯುಸಿ ಹುಡುಗರು ಇದಕ್ಕಿಂತ ಹೆಚ್ಚು ಉರು ಹೊಡೆಯುತ್ತಾರೆ. ಚಾಚಾ ಪ್ರಯತ್ನ ಮಾಡಿದರು. ನಾಲಿಗೆ ಹೊರಳಲಿಲ್ಲ. ನಾನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟದ್ದನ್ನು ಲಾರಿಯ ಹಿಂದಿನ ಬೋರ್ಡು ಓದುವವರಂತೆ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಆಮೇಲೆ ಕಾಗದ ಬದಿಗಿಟ್ಟು ಒಂದು ತಕರಾರು ತೆಗೆದರು. ಪ್ರಶ್ನೆಯೇ ಅರ್ಥವಾಗದೆ ಉತ್ತರ ಬಾಯಿಪಾಠ ಮಾಡಿ ಏನು ಉಪಯೋಗ? ಅವರು ಪ್ರಶ್ನೆಯನ್ನು ಹಿಂದುಮುಂದು ಮಾಡಿ ಕೇಳಿದರೆ? ಧರ್ಮ ಯಾವುದು ಎಂದವರಿಗೆ ಒಡೆಯನ ಹೆಸರು ಹೇಳಿದರೆ ಕಾಪಿ ಹೊಡೆದವನು ಎಂದು ಅಲ್ಲೇ ಹಿಡಿಯುತ್ತಾರೆ. ನನ್ನ ವಿದ್ಯಾರ್ಥಿಗಳಿಗೆ ಯಾರಿಗೂ ಇಷ್ಟು ದೂರದ ಯೋಚನೆ ಇಲ್ಲ.

ಕೊನೆಗೆ ನಾನೇ ಸೋತೆ. ಆಯಿತು ಚಾಚಾ, ಅವರವರ ಭಾಷೆಯಲ್ಲೇ ಕೇಳುತ್ತಾರೆ ಎಂದು ಹೇಳಿದವರೂ ದೊಡ್ಡವರೇ, ಅದನ್ನೇ ಹಿಡಿಯೋಣ, ಕನ್ನಡದಲ್ಲಿ ತಯಾರಿ ಮಾಡೋಣ ಎಂದೆ. ಅವರು ತಟ್ಟನೆ ನೆಟ್ಟಗೆ ಕೂತರು. ಹಾಗಾದರೆ ನೀನು ಕೇಳು, ನಾನು ಹೇಳುತ್ತೇನೆ ಎಂದರು. ನಾನು ಕೇಳಬಹುದೇ, ನಾನು ನಿಮ್ಮವಳಲ್ಲವಲ್ಲ ಎಂದು ಹಿಂಜರಿದೆ. “ಪ್ರಶ್ನೆ ಕೇಳೋರು ಯಾರಾದ್ರೇನು, ಪರೀಕ್ಷೆ ನಂದು,” ಎಂದರು. ಹೀಗೆ ಇಷ್ಟು ವರ್ಷ ಓದಿದ ವಿಷಯದಲ್ಲಿ ನನಗೆ ಮೊದಲ ಬಾರಿಗೆ ಕೆಲಸ ಸಿಕ್ಕಿತು. ಯಲ್ಲಾಪುರದ ಗ್ಯಾರೇಜುಗಳ ಹಿಂದಿನ ಗಲ್ಲಿಯಲ್ಲಿ, ಅವರ ಮನೆಯ ಕಟ್ಟೆಯ ಮೇಲೆ ಭಾನುವಾರ ಭಾನುವಾರ ಫರಿಶ್ತೆಯಾದೆ.

ಸುಲಭವಾಗಿತ್ತು ಎಂದುಕೊಳ್ಳಬೇಡಿ. ನಾನು ಕೇಳುವ ರೀತಿಯೇ ಅವರಿಗೆ ಹಿಡಿಸಲಿಲ್ಲ. ಇಷ್ಟು ಮೆತ್ತಗೆ ಯಾರು ಕೇಳುತ್ತಾರೆ, ಚೆಕ್‌ಪೋಸ್ಟಿನಲ್ಲಿ ಕೇಳಿದ ಹಾಗೆ ಕೇಳು ಎಂದರು. ಜೀವಮಾನವಿಡೀ ಅವರನ್ನು ಯಾರಾದರೂ ಪ್ರಶ್ನೆ ಕೇಳಿದ್ದರೆ ಅದು ಚೆಕ್‌ಪೋಸ್ಟಿನಲ್ಲೇ. ಗಾಡಿ ಬದಿಗೆ ಹಾಕು, ಇಳಿ ಕೆಳಗೆ, ಕಾಗದ ತೋರಿಸು, ಎಲ್ಲಿಂದ ಬಂದೆ. ಸರಿ ಎಂದು ನಾನು ಎದ್ದು ನಿಂತು, ಸೊಂಟಕ್ಕೆ ಕೈಕೊಟ್ಟು, “ಏಯ್, ನಿನ್ನ ಒಡೆಯ ಯಾರು? ಹೇಳು,” ಎಂದು ಗದರಿದೆ. ಬಾಗಿಲ ಹಿಂದಿದ್ದ ಅವರ ಸೊಸೆ ಸೆರಗನ್ನು ಬಾಯಿಗೆ ತುಂಬಿಕೊಂಡು ಒಳಗೆ ಓಡಿದಳು. ಚಾಚಾ ಮಾತ್ರ ನಗಲಿಲ್ಲ. ಬೆವರುತ್ತ, “ಅಲ್ಲಾಹು,” ಎಂದರು. ನಿನ್ನ ಧರ್ಮ ಯಾವುದು ಎಂದೆ. ಪ್ರವಾದಿಯ ಹೆಸರು ಹೇಳಿದರು. ತಪ್ಪು ಎಂದೆ. ತಪ್ಪಲ್ಲ, ನೀನು ಅವಸರ ಮಾಡಿದೆ ಎಂದು ನನ್ನ ಮೇಲೆಯೇ ತಿರುಗಿ ಬಿದ್ದರು.

ವಾರಗಟ್ಟಲೆ ಹೀಗೇ. ಮನೆಯೊಳಗೆ ತಮ್ಮಷ್ಟಕ್ಕೇ ಎಲ್ಲವನ್ನೂ ಸರಿಯಾಗಿ ಹೇಳಿಕೊಳ್ಳುತ್ತಿದ್ದರು, ನಾನು ಗದರಿದ ಕೂಡಲೇ ಎರಡನೆಯದು ಮೂರನೆಯದಾಗುತ್ತಿತ್ತು. ಸಿಟ್ಟು ಬಂದಾಗ ನನ್ನ ಕಾಯಿ ವಾಪಸು ಕೊಡು ಎನ್ನುತ್ತಿದ್ದರು. ಆ ಕಾಯಿ ಯಾವತ್ತೋ ಚಟ್ನಿಯಾಗಿತ್ತು. ನನ್ನ ಭಾನುವಾರಗಳೆಲ್ಲ ಹೋದವು, ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲೆ ಬೆಳೆಯಿತು, ಬಸ್ಸಿನ ಕಂಡಕ್ಟರ್ ಯಲ್ಲಾಪುರದಲ್ಲಿ ಎಂತ ಕೆಲಸ ಮೇಡಂ ಎಂದು ಕೇಳತೊಡಗಿದ. ಆದರೂ ಹೋಗುತ್ತಿದ್ದೆ. ಯಾಕೆಂದರೆ ಒಂದು ದಿನ ತಪ್ಪಿಲ್ಲದೆ ಹೇಳಿ ಮುಗಿಸಿದಾಗ ಚಾಚಾ, ಹೀಗೇ ಹೇಳಿಬಿಟ್ಟರೆ ಬಿಡುತ್ತಾರೆ ಅಲ್ಲವಾ ಎಂದು ಕೇಳಿದ್ದರು. ಪುಸ್ತಕದಲ್ಲಿ ಹಾಗೆ ಇದೆ ಎಂದೆ. ನಿನ್ನನ್ನು ಕೇಳಿದ್ದು ಎಂದರು. ನಾನು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದೆ.

ಆಪರೇಷನ್ನಿನ ವಾರ ನನಗೆ ಪರೀಕ್ಷೆಯ ಮೇಲ್ವಿಚಾರಣೆ. ಹುಬ್ಬಳ್ಳಿಗೆ ಹೋಗಲಾಗಲಿಲ್ಲ. ಯಲ್ಲಾಪುರದಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಅವರ ಮಗ ಫೋನ್ ಮಾಡಿದಾಗ ನಾನು ಪರೀಕ್ಷಾ ಕೊಠಡಿಯ ಹೊರಗೆ ಬಂದು, ಗೋಡೆಗೆ ಒರಗಿ ನಿಂತೆ. ಆಪರೇಷನ್ ಚೆನ್ನಾಗಿ ಆಗಿದೆ, ಗಡ್ಡೆ ತೆಗೆದಿದ್ದಾರೆ, ಪ್ರಾಣಕ್ಕೆ ಅಪಾಯ ಇಲ್ಲ ಎಂದ. ಆದರೆ ಅವನ ದನಿಯಲ್ಲಿ ಖುಷಿ ಇರಲಿಲ್ಲ. “ಅಕ್ಕಾ, ಅಪ್ಪನ ತಲೆಗೆ ಎಂತದೋ ಆಗಿದೆ,” ಎಂದ.

ಆದದ್ದು ಇಷ್ಟು. ಮಂಪರು ಇಳಿಯುತ್ತಿದ್ದಾಗ ಒಬ್ಬ ಡಾಕ್ಟರು, ಒಬ್ಬ ನರ್ಸು ಹಾಸಿಗೆಯ ಎರಡೂ ಕಡೆ ಬಂದು ನಿಂತರಂತೆ. ರೋಗಿಗೆ ಎಚ್ಚರ ಬಂದಿದೆಯೇ ಎಂದು ತಿಳಿಯಲು ಅವರು ಯಾವಾಗಲೂ ಕೇಳುವಂಥದ್ದನ್ನೇ ಕೇಳಿದ್ದಾರೆ. ನರ್ಸು ಹಾವೇರಿ ಕಡೆಯವಳು. ನಿಮ್ಮ ಹೆಸರೇನ್ರಿ ಅಜ್ಜಾರ ಎಂದಳಂತೆ. ಚಾಚಾ ಕಣ್ಣು ತೆರೆಯದೆ, ಗಟ್ಟಿಯಾಗಿ, ಅಲ್ಲಾಹು ಎಂದರಂತೆ. ಈಗ ಎಲ್ಲಿ ಅದೀರಿ ಹೇಳ್ರಿ ಎಂದರೆ, ಇಸ್ಲಾಂ ಎಂದರಂತೆ. ಡಾಕ್ಟರು ಮಗನನ್ನು ಮುಂದೆ ತಳ್ಳಿ, ಇವರು ಯಾರು ಎಂದು ಕೇಳಿದ್ದಕ್ಕೆ ಪ್ರವಾದಿಯ ಹೆಸರು ಹೇಳಿದ್ದಾರೆ. ಡಾಕ್ಟರು ನರ್ಸಿನ ಮುಖ ನೋಡಿ, ಗೊಂದಲದಲ್ಲಿದ್ದಾರೆ ಎಂದು ಬರೆದುಕೊಂಡರಂತೆ. ಮಗ ಅಳುವುದೊಂದು ಬಾಕಿ. ನನ್ನ ಗುರುತೇ ಸಿಗಲಿಲ್ಲ ಅಕ್ಕಾ ಎಂದ.

ನಾನು ಪರೀಕ್ಷೆ ನಡೆಯುತ್ತಿದ್ದ ಕೊಠಡಿಯ ಹೊ‌ರಗೆ ನೆಲದ ಮೇಲೆ ಕೂತು ಬಾಯಿಗೆ ಕೈ ಅಡ್ಡ ಹಿಡಿದೆ. ನಗುವೋ ಅಳುವೋ ನನಗೇ ತಿಳಿಯಲಿಲ್ಲ. ಕ್ರಮ ತಪ್ಪಿರಲಿಲ್ಲ. ಎರಡನೆಯದು ಎರಡನೆಯದೇ, ಮೂರನೆಯದು ಮೂರನೆಯದೇ. ಎಲ್ಲ ಹೇಳಿ ಮುಗಿಸಿ ಅವರು ಏನಂದರು ಎಂದು ಕೇಳಿದೆ. ಆಯ್ತಾ ಎಂದರಂತೆ. ಆ ನರ್ಸು, ಪುಣ್ಯಾತ್ಗಿತ್ತಿ, ಆಯ್ತ್ರಿ, ಇನ್ನ ಮಲಗ್ರಿ ಎಂದು ದಿಂಬು ಸರಿಮಾಡಿದಳಂತೆ. ಮಗನಿಗೆ, ಅವರ ತಲೆಗೆ ಏನೂ ಆಗಿಲ್ಲ, ಮನೆಗೆ ಬಂದ ಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಚಾಚಾ ಮನೆಗೆ ಬಂದ ಮೇಲೆ ಭಾನುವಾರ ಹೋದೆ. ದಾರಿಯಲ್ಲೆಲ್ಲ ಇದನ್ನು ಹೇಗೆ ಹೇಳುವುದು ಎಂದೇ ಯೋಚನೆ. ಬಂದವರು ನರ್ಸು ಮತ್ತು ಡಾಕ್ಟರು ಎಂದು ಹೇಳಬೇಕು. ನಾನು ಓದಿದವಳು, ಇದ್ದದ್ದನ್ನು ಇದ್ದಂತೆ ಹೇಳುವುದು ನನ್ನ ಕೆಲಸ. ಯಾರೋ ಕಾಯಿ ಕೊಟ್ಟರೆಂದು ಬಾಯಿಗೆ ಬಂದದ್ದು ಹೇಳುವವಳಲ್ಲ. ಅದೂ ಅಲ್ಲದೆ ಒಬ್ಬ ಮನುಷ್ಯ ಇಷ್ಟು ದೊಡ್ಡ ವಿಷಯದಲ್ಲಿ ತಪ್ಪು ತಿಳಿದುಕೊಂಡಿರುವುದು ಸರಿಯೇ?

ಚಾಚಾ ಮಂಚದ ಮೇಲೆ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದರು. ಮುಖದಲ್ಲಿ ಕಳೆ ಬಂದಿತ್ತು. ಮಗನನ್ನು ಹೆಸರು ಹಿಡಿದು ಕರೆದು ನನಗೆ ಕುರ್ಚಿ ತರಿಸಿದರು. ಅವನು ಬಾಗಿಲಲ್ಲೇ ನಿಂತ. ಚಾಚಾ ಬಟ್ಟಲು ಕೆಳಗಿಟ್ಟು, ಹತ್ತಿರ ಬಾ ಎಂದು ಕೈಮಾಡಿ ಹೇಳಿದರು:

“ಬಂದಿದ್ರು. ಇಬ್ಬರು. ಕನ್ನಡದಲ್ಲೇ ಕೇಳಿದ್ರು ಬೇಟಾ.”

ನಾನು ಬಟ್ಟಲನ್ನು ಮಂಚದಡಿಗೆ ಸರಿಸಿದೆ.

“ನೀನು ಗದರಿದ್ದು ಜಾಸ್ತಿಯಾಯ್ತು. ಅವರು ಗದರಲೇ ಇಲ್ಲ. ನಂಗೆ ಇಷ್ಟು ಮರ್ಯಾದೆಲಿ ಯಾರೂ ಪ್ರಶ್ನೆ ಕೇಳಿದ್ದೇ ಇಲ್ಲ. ತಲೆ ಎತ್ತಿ ದಿಂಬು ಸರಿ ಮಾಡಿದ್ರು.”

ಬಾಗಿಲಲ್ಲಿ ನಿಂತ ಮಗ, ಅಪ್ಪಾ ಅದು ಎಂದು ಬಾಯಿ ತೆರೆದ. ನಾನು ತಿರುಗಿ ಅವನನ್ನು ಹೇಗೆ ನೋಡಿದೆನೋ, ಅವನು ಬಾಯಿ ಮುಚ್ಚಿ ಅಂಗಡಿಯ ಕಡೆಗೆ ನಡೆದ.

“ಎಲ್ಲ ಸರಿ ಹೇಳಿದೆ ಅಲ್ಲವಾ? ಪಾಸಲ್ವಾ?” ಎಂದರು ಚಾಚಾ. ಕೆಲವರು ಹೀಗೆ ಎನ್ನುತ್ತಾರೆ, ಕೆಲವರು ಹಾಗೆ ಎನ್ನುತ್ತಾರೆ ಎಂಬ ನನ್ನ ಹಳೆಯ ವಾಕ್ಯ ಗಂಟಲವರೆಗೆ ಬಂದಿತ್ತು. ಅದನ್ನು ನುಂಗಿದೆ.

“ಪಾಸು ಚಾಚಾ. ಎಲ್ಲ ಸರಿ,” ಎಂದೆ.

ಅವರು ತಲೆಯಾಡಿಸಿದರು. ಇನ್ನು ಭಾನುವಾರ ಭಾನುವಾರ ಬಸ್ಸಿಗೆ ದುಡ್ಡು ಹಾಕಬೇಡ, ಉತ್ತರಪತ್ರಿಕೆ ನೋಡಿಕೋ ಎಂದರು. ಮತ್ತೆ ದಿಂಬಿಗೆ ತಲೆಯಿಟ್ಟು, “ಇನ್ನು ಯಾವಾಗ ಕರೆದ್ರೂ ಹೆದರಿಕೆ ಇಲ್ಲ. ದಾರಿ ನೋಡಿ ಆಯ್ತಲ್ಲ,” ಎಂದು ಕಣ್ಣು ಮುಚ್ಚಿದರು. ನಾನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಅವರ ಎದೆ ಏಳುತ್ತದೋ ಇಲ್ಲವೋ ಎಂದು ನೋಡುತ್ತ ಕೂತೆ.